ಕಾಕೂ ಮತ್ತು ಕಾದು ನಿಂತ ರಿಕ್ವೆಸ್ಟುಗಳು

ನಮ್ಮ ಎದುರುಮನೆ ಕಾಕೂ ಅವರ ಮೊಬೈಲಿನ ಗಾಜಿನ ಮೇಲೆ ಸದಾ ಒಂದು ಅರಿಸಿನದ ಬೆರಳಚ್ಚು ಇರುತ್ತಿತ್ತು. ಒಗ್ಗರಣೆ ಹಾಕುತ್ತಲೇ ಫೋನು ನೋಡುವ ಅಭ್ಯಾಸ. ಧಾರವಾಡದ ಕಡೆಯವರು, ಯಜಮಾನರ ನೌಕರಿಗೆಂದು ಪುಣೆ ಹತ್ತಿರದ ಮಿಲಿಟರಿ ಊರಾದ ದೇಹೂ ರೋಡಿಗೆ ಬಂದು, ಆಮೇಲೆ ವಾಕಡದ ನಮ್ಮ ಕಟ್ಟಡದಲ್ಲಿ ನೆಲೆ ನಿಂತವರು. ಕಾಕೂ ಅಂದರೆ ಚಿಕ್ಕಮ್ಮ, ಕಟ್ಟಡದವರೆಲ್ಲ ಹಾಗೇ ಕರೆಯುತ್ತಿದ್ದರು. ಲಿಫ್ಟಿನಲ್ಲಿ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ನನ್ನ ಮೈಸೂರು ಕನ್ನಡ ಕೇಳಿ, ‘ನಿನ್ನ ಮಾತು ಭಾಳ ಮೆತ್ತಗದ ನೋಡವಾ’ ಎಂದು ನಗುತ್ತಿದ್ದರು.

ಭಾನುವಾರ ಊಟವಾದ ಮೇಲೆ ಬಾಕಿ ಬಿದ್ದ ಫ್ರೆಂಡ್ ರಿಕ್ವೆಸ್ಟುಗಳ ವಿಚಾರಣೆ. ಕನ್ನಡಕ ಏರಿಸಿಕೊಂಡು ಒಬ್ಬೊಬ್ಬರಿಗೂ ಮೆಸೇಜು ಕಳಿಸುತ್ತಿದ್ದರು: ‘ನೀವು ಯಾರ ಪೈಕಿ?’ ಅವರ ಕಡೆ ಹೊಸಬರು ಬಂದರೆ ಮೊದಲು ಕೇಳುವುದೇ ಅದು, ಯಾರ ಮನೆಯವರು, ಯಾರ ಕಡೆಯವರು ಅಂತ. ಗುರುತು ಹತ್ತಿದರೆ ಒಳಗೆ. ಇಲ್ಲದಿದ್ದರೆ ‘ಕ್ಷಮಿಸ್ರಿ, ಗುರ್ತು ಹತ್ತಲಿಲ್ಲ’ ಎಂದು ಬರೆದೇ ಅಳಿಸುವುದು. ಒಮ್ಮೆ ಮಿಲಿಟರಿ ಸಮವಸ್ತ್ರದ ಫೋಟೊ ಹಾಕಿಕೊಂಡ ಯಾವನೋ ‘ಹಲೋ ಡಿಯರ್’ ಅಂದ. ಕಾಕೂ ಹಿಂದಿಯಲ್ಲಿ, ಊಟವಾಯಿತೇ, ದೇಹೂ ರೋಡಿನಲ್ಲಿ ಯಾವ ಕ್ವಾರ್ಟರ್ಸು ಎಂದು ವಿಚಾರಿಸಿದ್ದೇ ತಡ, ಆಸಾಮಿ ನಾಪತ್ತೆ. ಊಟ ಆಯಿತೋ ಇಲ್ಲವೋ ಹೇಳಲಿಲ್ಲವಲ್ಲ ಎಂದು ಕಾಕೂಗೆ ಬೇಸರ.

‘ಇಷ್ಟೆಲ್ಲ ಯಾಕೆ ಕಾಕೂ? ಸುಮ್ನೆ ಬಿಟ್ಬಿಡಿ’ ಎಂದಿದ್ದೆ ನಾನು.

‘ಬಾಗಲದಾಗ ನಿಂತವರನ್ನ ಹಂಗ ನಿಲ್ಲಿಸಬಾರದವಾ. ಬರ್ರಿ ಅನ್ನಬೇಕು, ಇಲ್ಲಾ ಬ್ಯಾಡ್ರಿ ಅನ್ನಬೇಕು.’

ಆ ವರ್ಷವೇ ನನ್ನ ಕೆಲಸ ಹೋಯಿತು. ಮನೆ ಖಾಲಿ ಮಾಡಿ ಮೈಸೂರಿಗೆ ಹಿಂದಿರುಗುವುದೊಂದೇ ಉಳಿದಿತ್ತು. ಉದ್ಯೋಗದ ಜಾಲತಾಣದಲ್ಲಿ ನನಗೂ ರಿಕ್ವೆಸ್ಟುಗಳು ರಾಶಿ ಬಿದ್ದಿದ್ದವು, ಒಂದನ್ನೂ ತೆರೆದಿರಲಿಲ್ಲ. ಹಳೇ ಆಫೀಸಿನವರು ಈಗೇನು ಮಾಡ್ತಿದ್ದೀಯ ಎಂದರೆ ಏನು ಹೇಳುವುದು? ಕಾಕೂ ಒಗ್ಗರಣೆ ಅವಲಕ್ಕಿ ನನ್ನ ಮುಂದಿಟ್ಟು, ‘ನಿಂದೂ ತಗಿ, ನೋಡೋಣು’ ಎಂದು ಪಕ್ಕದಲ್ಲೇ ಕೂತರು. ಎದ್ದುಹೋಗುವ ಹಾಗಿರಲಿಲ್ಲ. ಹಿಂದೆ ನನ್ನ ಜೊತೆ ಕ್ಯಾಬಿನಲ್ಲಿ ಬರುತ್ತಿದ್ದ ಹುಡುಗಿಯ ಹೆಸರು ಬಂತು.

‘ಈಕಿ ಯಾತಕ್ಕ ಬಾಗಲಾ ಬಡದಾಳ, ಕೇಳಬಾರದ?’

ಕೇಳಿದೆ. ಅವಳ ಹೊಸ ಕಂಪನಿಗೆ ಜನ ಬೇಕಿದ್ದರು. ನನ್ನ ನಂಬರು ಬದಲಾದ್ದರಿಂದ ಅಲ್ಲಿ ಹುಡುಕಿದ್ದಳು. ಮುಂದಿನ ತಿಂಗಳು ಕೆಲಸಕ್ಕೆ ಸೇರಿದೆ. ಇವತ್ತು ನಾನು ಪುಣೆಯಲ್ಲಿ ನನ್ನ ಕಾಲ ಮೇಲೆ ನಿಂತಿದ್ದರೆ ಅದು ಕಾಕೂ ಪುಣ್ಯ.

ಹೋದ ವರ್ಷ ಕಾಕೂ ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ಮೇಲೆ ಅವರ ಮಗ ಫೋನು ತಂದುಕೊಟ್ಟು, ‘ಅವ್ವನ ಅಕೌಂಟ್ ಬಂದ್ ಮಾಡಿಕೊಡ್ರಿ, ನನ್ನ ಕೈಲೆ ಆಗವಲ್ದು’ ಎಂದರು. ಗಾಜಿನ ಮೇಲೆ ಅರಿಸಿನದ ಗುರುತು ಹಾಗೇ ಇತ್ತು. ಒಳಗೆ ಏಳೆಂಟು ರಿಕ್ವೆಸ್ಟುಗಳು ಕಾಯುತ್ತಿದ್ದವು. ಖಾತೆ ಮುಚ್ಚಿದರೆ ಅವೂ ಹೋಗುತ್ತಿದ್ದವು, ಆದರೆ ನನಗೆ ಮನಸ್ಸು ಬರಲಿಲ್ಲ. ಒಬ್ಬೊಬ್ಬರಿಗೂ ಬರೆದೆ: ಕಾಕೂ ಈಗಿಲ್ಲ, ದಯವಿಟ್ಟು ಕಾಯಬೇಡಿ.

ಧಾರವಾಡದ ಹೆಂಗಸೊಬ್ಬರು ಕೂಡಲೇ ಉತ್ತರಿಸಿದರು: ‘ನಾ ಆಕಿ ಸಾಲಿ ಗೆಳತಿ ರೀ. ನೀವು ಯಾರ ಪೈಕಿ?’

ಎದುರುಮನೆಯವಳು ಎಂದು ಬರೆದು, ಅಳಿಸಿದೆ. ‘ಕಾಕೂ ಪೈಕಿ’ ಎಂದು ಬರೆದು ಕಳಿಸಿದೆ.