ಬೆಳಗಿನ ಪ್ಯಾಸೆಂಜರಿನ ಸಿಸ್ಟರ್

ಕೈಗಡಿಯಾರವನ್ನು ಅವರು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟಿಕೊಳ್ಳುತ್ತಿದ್ದರು. ಭದ್ರಾವತಿ ಸ್ಟೇಷನ್ನಿನಲ್ಲಿ ರೈಲು ತಡವಾದಾಗಲೆಲ್ಲ ಅಂಗೈ ಮೇಲೆ ಮಾಡಿ ಹೊತ್ತು ನೋಡುವರು. ಹೊಸಬರಿಗೆ, ಈಕೆ ಯಾರನ್ನೋ ಏನೋ ಕೇಳುತ್ತಿದ್ದಾರೆ ಅನ್ನಿಸಬೇಕು.

ಅವರು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸು, ನಾನು ಅಲ್ಲೇ ಒಂದು ಕಚೇರಿಯಲ್ಲಿ ಟೈಪಿಸ್ಟ್. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಬೆಳಗಿನ ಪ್ಯಾಸೆಂಜರ್ ಹಿಡಿಯುತ್ತಿದ್ದ ನಮಗೆಲ್ಲ ಅವರು ಸಿಸ್ಟರ್.

ಮೆದು ಮಾತಿನವರಲ್ಲ. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತ ಕಾಲೇಜು ಹುಡುಗರಿಗೆ, "ಕಾಲು ಒಳಗಿಡ್ರೋ. ಆಮೇಲೆ ನಮ್ಮ ವಾರ್ಡಿಗೇ ಬರ್ತೀರ, ನಂಗೇ ಕೆಲಸ" ಎನ್ನುವರು. ಕಿಟಕಿ ಪಕ್ಕದ ಸೀಟನ್ನು ಯಾರಿಗೂ ಬಿಡರು. ಡಬ್ಬಿಯ ಅವಲಕ್ಕಿ ಮುಗಿಸಿ ಕಣ್ಣು ಮುಚ್ಚಿದರೆ ಮುಗಿಯಿತು. ಮನೆಯ ಸುದ್ದಿ ಆಡಿದ್ದನ್ನು ನಾನು ಕೇಳಿಲ್ಲ.

ಮದುವೆಯಾದ ಮರುವರ್ಷ ನಾನು ಗರ್ಭಿಣಿಯಾದೆ. ಒಂದು ಬೆಳಿಗ್ಗೆ, ರೈಲು ಭದ್ರಾವತಿ ಬಿಟ್ಟ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಂಡತೊಡಗಿತು. ಎರಡೂರುಗಳ ನಡುವಿನ ಸಣ್ಣ ಸ್ಟೇಷನ್ನಿನಲ್ಲಿ ನಮ್ಮ ಗಾಡಿ ನಿಂತಿತು. ಎದುರಿನಿಂದ ಬೆಂಗಳೂರಿಗೆ ಹೋಗುವ ರೈಲು ಹಾದುಹೋಗಬೇಕಿತ್ತು. ಅದಿನ್ನೂ ಶಿವಮೊಗ್ಗ ಬಿಟ್ಟೇ ಇಲ್ಲ ಎಂದರು. ಸೀರೆ ಒದ್ದೆಯಾದದ್ದು ತಿಳಿಯಿತು. ಯಾರಿಗೆ ಹೇಳುವುದೆಂದು ತೋಚದೆ ಹಾಗೇ ಕೂತಿದ್ದೆ. ಎದುರು ಸೀಟಿನಲ್ಲಿದ್ದ ಸಿಸ್ಟರ್ ನನ್ನ ಮುಖ ನೋಡಿದರು.

"ರಕ್ತ ಹೋಗ್ತಿದೆಯಾ?"

ತಲೆಯಾಡಿಸಿದೆ.

ಎದ್ದವರೇ ತಮ್ಮ ಶಾಲನ್ನು ನನ್ನ ಸೊಂಟಕ್ಕೆ ಸುತ್ತಿದರು. ಬಾಗಿಲಲ್ಲಿದ್ದ ಒಬ್ಬ ಹುಡುಗನನ್ನು ಗಾಡಿ ಹುಡುಕಲು ರಸ್ತೆಗೆ ಓಡಿಸಿ, ಉಳಿದವರಿಗೆ ನನ್ನನ್ನು ಎತ್ತಿಕೊಳ್ಳಲು ಹೇಳಿದರು. ಮಾಚೇನಹಳ್ಳಿಯ ಕಾರ್ಖಾನೆಗೆ ಸಾಮಾನು ಹೊತ್ತು ಹೊರಟಿದ್ದ ವ್ಯಾನೊಂದು ಸಿಕ್ಕಿತು; ಅದನ್ನೇ ಆಸ್ಪತ್ರೆಗೆ ಹೊರಡಿಸಿದರು. ಕಬ್ಬಿಣದ ಪೈಪುಗಳ ಪಕ್ಕದಲ್ಲಿ, ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ.

"ಮಗು ಉಳಿಯುತ್ತಾ ಸಿಸ್ಟರ್?"

"ಗೊತ್ತಿಲ್ಲ ಮಾರಾಯ್ತಿ. ಸುಳ್ಳು ಹೇಳಲ್ಲ. ನೀನು ಕಣ್ಣು ಮುಚ್ಚಬೇಡ, ನನ್ನ ಜೊತೆ ಮಾತಾಡ್ತಿರು."

ಮಗು ಉಳಿಯಲಿಲ್ಲ. ಇನ್ನಷ್ಟು ತಡವಾಗಿದ್ದರೆ ನಾನೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಮನೆಯಲ್ಲಿ ಅತ್ತೆ ಕೂಗಾಡಲಿಲ್ಲ. "ಆ ರೈಲಿನ ಕುಲುಕಾಟಾನೇ ಮಗೂನ ತಿಂದಿದ್ದು. ಸಾಕು ನೌಕರಿ" ಎಂದಷ್ಟೇ ಹೇಳಿದರು. ನನಗೂ ಅದೇ ನಿಜವೆನ್ನಿಸಿ, ಕೆಲಸ ಬಿಡುವುದೆಂದು ಒಪ್ಪಿಕೊಂಡಿದ್ದೆ.

ಒಂದು ಭಾನುವಾರ ಸಿಸ್ಟರ್ ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬಂದರು. ಅತ್ತೆ ಅದೇ ಮಾತನ್ನು ಅವರ ಮುಂದೆಯೂ ಆಡಿದರು. ಸಿಸ್ಟರ್ ಕಾಫಿ ಕುಡಿದು ಮುಗಿಸಿ, ಲೋಟ ಕೆಳಗಿಟ್ಟರು.

"ರೈಲಿಂದ ಆಗಿದ್ದಲ್ಲಮ್ಮ ಇದು. ಇವಳು ಏನೋ ಮಾಡಿದ್ದರಿಂದಲೂ ಅಲ್ಲ. ಮಂಚ ಬಿಟ್ಟು ಇಳಿಯದೋರಿಗೂ ಆಗುತ್ತೆ. ನಂಗೂ ಆಗಿದೆ, ಒಂದು ಸಲ ಅಲ್ಲ. ಕೊನೇ ಸಲ ರಜಾ ಹಾಕಿ ಹಾಸಿಗೇಲೇ ಇದ್ದೆ."

ಅತ್ತೆ ಖಾಲಿ ಲೋಟ ಎತ್ತಿಕೊಂಡರು. ಆಮೇಲೆ, "ಈಗ ಮಕ್ಕಳು?" ಎಂದರು.

"ಇಲ್ಲಮ್ಮ."

ಹೊರಡುವಾಗ ನನಗೆ ಹೇಳಿದರು: "ಅಳೋದು ಬಂದ್ರೆ ಅಳು. ಕೆಲಸ ಮಾತ್ರ ಬಿಡಬೇಡ. ಮನೇಲಿ ಕೂತ್ರೆ ದಿನವೆಲ್ಲ ಇದೊಂದೇ ಯೋಚನೆ."

ನಾನು ಮತ್ತೆ ಕೆಲಸಕ್ಕೆ ಹೊರಟ ದಿನ ಡಬ್ಬಿ ಕಟ್ಟಿಕೊಟ್ಟದ್ದು ಅತ್ತೆಯೇ.

ಕೆಲವು ವರ್ಷಗಳ ನಂತರ ಮಗಳು ಹುಟ್ಟಿದಳು. ಅವಳು ಹೊಟ್ಟೆಯಲ್ಲಿದ್ದಾಗ ಏಳು ತಿಂಗಳು ತುಂಬುವವರೆಗೂ ಅದೇ ರೈಲಿನಲ್ಲಿ ಓಡಾಡಿದ್ದೆ. ಸಿಸ್ಟರ್ ನೋಡಲು ಬಂದು, ಮಗುವನ್ನು ಎತ್ತಿಕೊಂಡು, ಕೈಯಲ್ಲೇ ತೂಗಿ, "ಚೆನ್ನಾಗಿದಾಳೆ" ಎಂದು ಬೇಗನೆ ಹಿಂದಕ್ಕೆ ಕೊಟ್ಟರು.

ನಿವೃತ್ತಿಯಾದ ಮೇಲೆ ಅವರು ಹೆಚ್ಚು ಕಾಲ ಇರಲಿಲ್ಲ. ಸುದ್ದಿ ಪ್ಲಾಟ್‌ಫಾರ್ಮಿನಲ್ಲೇ ತಿಳಿಯಿತು. ಆ ದಿನ ರೈಲು ಹತ್ತದೆ, ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ನಿಂತಿದ್ದ ಅವರ ಯಜಮಾನರಿಗೆ ನನ್ನ ಗುರುತಿಲ್ಲ.

"ತಾವು ಯಾರು ಅಂತ ಗೊತ್ತಾಗಲಿಲ್ಲ" ಎಂದರು.

"ರೈಲಿನವಳು" ಎಂದೆ.

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಒಳಗೆ ಬಾಮ್ಮ. ಬೆಳಿಗ್ಗೆಯಿಂದ ರೈಲಿನೋರೇ ಬರ್ತಿದಾರೆ."