ಮೇಷ್ಟ್ರ ರೋಮನ್ ಚೂರು

ಐವತ್ತು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಸುಳ್ಳನ್ನು ಮೊನ್ನೆ ವಿಜ್ಞಾನಕ್ಕೆ ಹೆದರಿ ಒಪ್ಪಿಕೊಳ್ಳಬೇಕಾಗಿ ಬಂತು. ದೇವರ ಭಯ, ಹೆಂಡತಿಯ ಭಯ ಇವೆರಡನ್ನೂ ಹೇಗೋ ಸಂಭಾಳಿಸಿಕೊಂಡು ಬಂದವನು ನಾನು. ಮೈಕ್ರೋಸ್ಕೋಪಿನ ಮುಂದೆ ಮಾತ್ರ ನನ್ನ ಆಟ ನಡೆಯುವಂತಿರಲಿಲ್ಲ.

ಭದ್ರಾವತಿಯ ಹೈಸ್ಕೂಲಿನಲ್ಲಿ ನಮಗೆ ಚರಿತ್ರೆ ಕಲಿಸಿದ ಶ್ಯಾಮರಾಯ ಮೇಷ್ಟ್ರ ಹತ್ತಿರ ಅಂಗೈಯಗಲದ ಒಂದು ಮಡಕೆಯ ಚೂರು ಇತ್ತು. ಎರಡು ಸಾವಿರ ವರ್ಷದ ಹಿಂದೆ ದ್ರಾಕ್ಷಾರಸ ತುಂಬಿಕೊಂಡು ರೋಮಿನಿಂದ ತಮಿಳು ಕರಾವಳಿಗೆ ಬಂದಿಳಿದ ಹೂಜಿಯ ತುಂಡು ಅದು ಎಂದು, ತಂದುಕೊಟ್ಟ ಸ್ನೇಹಿತರು ಹೇಳಿದ್ದರಂತೆ. ಪ್ರತಿ ವರ್ಷ ಎಂಟನೇ ಕ್ಲಾಸಿನಲ್ಲಿ ರೋಮಿನ ಪಾಠದ ದಿನ ಆ ಚೂರು ಬೆಂಚಿನಿಂದ ಬೆಂಚಿಗೆ ಸಾಗುತ್ತಿತ್ತು. ಮೂಸಿ ನೋಡಿ, ದ್ರಾಕ್ಷಿಯ ವಾಸನೆ ಬಂತು ಎನ್ನುವವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಿದ್ದರು.

ಮೇಷ್ಟ್ರಿಗೆ ಈಗ ಎಂಬತ್ತೆಂಟು. ಶಿವಮೊಗ್ಗದಲ್ಲಿ ರಾಗಿಗುಡ್ಡದ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಪುರಾತತ್ವ ಓದುತ್ತಿರುವ ಮೊಮ್ಮಗಳು ಆ ಚೂರನ್ನು ಲ್ಯಾಬಿಗೆ ಕೊಟ್ಟು, ಅದನ್ನು ಎಲ್ಲಿ ಮಾಡಿದ್ದೆಂದು ಪತ್ತೆ ಮಾಡಿಸಲು ಹೊರಟಿದ್ದಳು. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಈ ಸುದ್ದಿ ಬಂದಾಗ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ನಾನು ಕಾಫಿ ಲೋಟ ಕೆಳಗಿಟ್ಟೆ.

ಯಾಕೆಂದರೆ ಆ ಚೂರು ರೋಮಿನದಲ್ಲ, ನಮ್ಮ ಭದ್ರಾವತಿಯ ಓಲ್ಡ್ ಟೌನಿನದು ಎಂಬುದು ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಎಂಟನೇ ಕ್ಲಾಸಿನಲ್ಲಿ ನಾನು ಮಾನಿಟರ್. ಸ್ಟಾಫ್ ರೂಮಿನ ಬೀರುವಿನಿಂದ ಚೂರು ತರಲು ಮೇಷ್ಟ್ರು ನನ್ನನ್ನೇ ಕಳಿಸಿದ್ದರು. ಗತ್ತಿನಿಂದ ಬರುತ್ತಾ ಮೆಟ್ಟಿಲ ಮೇಲೆ ಎಡವಿದೆ. ರೋಮ್ ಸಾಮ್ರಾಜ್ಯ ನಾಲ್ಕು ತುಂಡಾಗಿ ಚರಂಡಿಗೆ ಬಿತ್ತು. ಮೇಷ್ಟ್ರ ಬೆತ್ತ ಕಣ್ಣಮುಂದೆ ಬಂತು. ಹಿಂದಿನ ಗೇಟಿನಿಂದ ಓಡಿದೆ. ಬೀದಿ ನಲ್ಲಿಯ ಹತ್ತಿರ, ಅದೇ ಬೀದಿಯ ಮುನಿಯಮ್ಮ ಅವತ್ತು ಬೆಳಿಗ್ಗೆಯಷ್ಟೇ ಒಡೆದುಕೊಂಡಿದ್ದ ನೀರಿನ ಮಡಕೆಯ ತುಂಡೊಂದನ್ನು ಎತ್ತಿ, ಅಂಚನ್ನು ಕಲ್ಲಿಗೆ ಉಜ್ಜಿ, ಒಂದಿಷ್ಟು ಮಸಿ ಸವರಿ ತಂದುಕೊಟ್ಟೆ. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಪಾಠ ಶುರುಮಾಡಿದರು. ಅವತ್ತೂ ಒಬ್ಬನಿಗೆ ದ್ರಾಕ್ಷಿಯ ವಾಸನೆ ಬಂತು.

ಹಣೆಬರಹ ನೋಡಿ, ಮುಂದೆ ನಾನು ಸೇರಿದ್ದು ಕಬ್ಬಿಣದ ಕಾರ್ಖಾನೆಯ ಲ್ಯಾಬಿಗೆ. ಚೀಟಿ ಕಳೆದುಹೋದ ಅದಿರಿನ ಪುಡಿ ಕೊಟ್ಟರೂ ಅದು ಯಾವ ಗುಡ್ಡದ್ದೆಂದು ಹೇಳಿ ಅನ್ನ ತಿಂದವನು. ಹಾಗಾಗಿ ಮುಂದೇನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚೂರಿನಿಂದ ಕಾಗದಕ್ಕಿಂತ ತೆಳುವಾದ ಬಿಲ್ಲೆ ಕೊಯ್ದು, ಬೆಳಕು ಹಾಯಿಸಿ ನೋಡುತ್ತಾರೆ. ಜೇಡಿಮಣ್ಣಿನ ಒಳಗಿನ ಮರಳಿನ ಕಣಗಳು ಕಾಣುತ್ತವೆ. ಇಟಲಿಯ ನೇಪಲ್ಸ್ ಕಡೆಯ ಹೂಜಿಯಾದರೆ ಜ್ವಾಲಾಮುಖಿ ಉಗುಳಿದ ಕಪ್ಪು ಮರಳಿರುತ್ತದೆ. ನಮ್ಮ ಕಡೆಯದಾದರೆ ನಮ್ಮ ಕಲ್ಲಿನದೇ ಪುಡಿ. ಅಷ್ಟಕ್ಕೆ ಬಿಡುವುದಿಲ್ಲ, ಮಣ್ಣಿನಲ್ಲಿ ಚಿಟಿಕೆಗೂ ಕಡಿಮೆ ಇರುವ ಧಾತುಗಳನ್ನು ಅಳೆದು, ಹಳೆಯ ಕುಂಬಾರಗೂಡುಗಳ ಮಣ್ಣಿನೊಂದಿಗೆ ತಾಳೆ ಹಾಕುತ್ತಾರೆ. ರೋಮಿನವೆಂದು ದೊಡ್ಡ ದೊಡ್ಡ ಪಂಡಿತರೇ ನಂಬಿದ್ದ ಎಷ್ಟೋ ಚೂರುಗಳು ಹೀಗೆ ನೋಡಿದಾಗ ನಮ್ಮ ದೇಶದವೇ ಎಂದು ಗೊತ್ತಾಗಿದೆಯಂತೆ. ಪಂಡಿತರದೇ ಆ ಗತಿಯಾದರೆ ಮುನಿಯಮ್ಮನ ಮಡಕೆ ಎಷ್ಟು ಹೊತ್ತು ತಡೆದೀತು?

ನಮ್ಮ ಮನೆಯ ಪಾತ್ರೆಗಳಿಗೆ ಈ ತಾಪತ್ರಯವಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸ್ಟೀಲ್ ಡಬ್ಬ ಕೊಂಡರೆ ಅಂಗಡಿಯವರೇ ಹೆಸರು ಕೊರೆದು ಕೊಡುತ್ತಾರೆ. ಆದರೂ ನನ್ನ ಹೆಂಡತಿಯ ಅಡುಗೆಮನೆಯಲ್ಲಿ ಹುಡುಕಿದರೆ ಬೇರೆ ಬೇರೆ ಮನೆಯವರ ಐದಾರು ಹೆಸರು ಸಿಗುತ್ತವೆ. ಉಪ್ಪಿನಕಾಯಿ ತುಂಬಿಕೊಂಡು ಬಂದ ಡಬ್ಬವನ್ನು ಬರಿದು ಮಾಡಿ ಕಳಿಸಬಾರದಲ್ಲ, ತುಂಬಿಸಿ ಕಳಿಸಲು ಚಕ್ಕುಲಿ ಮಾಡುವವರೆಗೆ ಅದು ನಮ್ಮಲ್ಲೇ ಇರುತ್ತದೆ. ಚಕ್ಕುಲಿ ಮಾಡುವುದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಮುಂದೊಂದು ದಿನ ನಮ್ಮ ಮನೆಯನ್ನು ಅಗೆದವರು, ಇವರು ಭಾರಿ ವರ್ತಕರಾಗಿದ್ದರು ಎಂದು ಬರೆದರೂ ಬರೆದಾರು.

ನನಗಿದ್ದ ಸಂಕಟ ಮೇಷ್ಟ್ರದು. ಜೀವಮಾನವಿಡೀ ಎರಡು ಕೈಯಲ್ಲಿ ಎತ್ತಿ ತೋರಿಸಿದ್ದು ಬರೀ ನೀರಿನ ಮಡಕೆ ಎಂದು ಈ ವಯಸ್ಸಿನಲ್ಲಿ ಮೊಮ್ಮಗಳ ಬಾಯಿಂದ ಕೇಳಬೇಕೇ? ಅದಕ್ಕಿಂತ ದೊಡ್ಡ ಸಂಕಟ, ನಿಜ ಹೇಳಬೇಕೆಂದರೆ, ನನ್ನದೇ. ಸಿಕ್ಕಿದವರಿಗೆಲ್ಲ ನನ್ನನ್ನು ತೋರಿಸಿ, "ಇವನು ಪ್ರಾಮಾಣಿಕ ಹುಡುಗ" ಎನ್ನುತ್ತಿದ್ದರು ಅವರು. ಆ ಮಾತು ಇನ್ನು ಹೋಗುತ್ತದಲ್ಲ. ಹೋಗುವುದಾದರೆ ನನ್ನ ಬಾಯಿಂದಲೇ ಹೋಗಲಿ ಎಂದು ಬಸ್ಸು ಹತ್ತಿದೆ.

ಮೇಷ್ಟ್ರು ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಒದರಿಬಿಟ್ಟೆ. ಅವರು ಪೂರ್ತಿ ಕೇಳಿದರು.

"ಕೂತ್ಕೊ ಮಾರಾಯ" ಎಂದರು. "ನೀನು ಮೂರನೆಯವನು."

ಗ್ರೂಪಿನಲ್ಲಿ ಸುದ್ದಿ ಬಂದ ಮರುದಿನವೇ ನಂಜುಂಡ ಫೋನ್ ಮಾಡಿ ಅತ್ತನಂತೆ. ನನಗಿಂತ ಐದು ವರ್ಷ ಹಿರಿಯ. ನಿಜವಾದ ಚೂರನ್ನು ಒಡೆದವನು ಅವನು. ಬದಲಿಗೆ ಇಟ್ಟದ್ದು ಹೆಂಚಿನ ತುಂಡು. ಹೆಡ್ ಮಿಸ್ಟ್ರೆಸ್ ಆಗಿ ನಿವೃತ್ತಳಾದ ವಿಜಯಾ ಮನೆಗೇ ಬಂದಿದ್ದಳಂತೆ. ನನಗಿಂತ ಎರಡು ವರ್ಷ ಕಿರಿಯಳು. ನಾನಿಟ್ಟ ಮುನಿಯಮ್ಮನ ಮಡಕೆಯ ಚೂರನ್ನು ಅವಳು ಒಡೆದು, ಮೊಸರಿನ ಕುಡಿಕೆಯ ಚೂರು ಇಟ್ಟಿದ್ದಳು. ಅಂದರೆ ಐವತ್ತು ವರ್ಷ ನಾನು ಪಶ್ಚಾತ್ತಾಪಪಟ್ಟದ್ದು ಒಂದು ಹೆಂಚಿಗೆ! ನಗು ತಡೆಯಲಾಗಲಿಲ್ಲ. ಮೇಷ್ಟ್ರೂ ನಕ್ಕರು.

"ಒಂದು ಸಲನೂ ನಿಮಗೆ ಗೊತ್ತಾಗ್ಲಿಲ್ವಾ ಸಾರ್?"

"ನಾನು ಚೂರು ನೋಡ್ತಿದ್ನೇನೋ? ಅದನ್ನ ಮುಟ್ಟಿದಾಗ ನಿಮ್ಮ ಮುಖ ಹೆಂಗಾಗತ್ತೆ ಅಂತ ನೋಡ್ತಿದ್ದೆ" ಎಂದರು. ಆಮೇಲೆ ನಗು ನಿಂತಿತು. "ಮುಖ ನೋಡ್ಕೊಂಡೇ ಪಾಠ ಮಾಡಿದೀನಿ. ಮೂರು ಮಕ್ಕಳು ಹೆದರಿ ಕೂತಿದ್ದು ಕಾಣ್ಲೇ ಇಲ್ವಲ್ಲೋ. ನನಗೆ ಅಷ್ಟು ಹೆದರ್ತಿದ್ರಾ?"

ಇಲ್ಲ ಸಾರ್, ಅದು ಗೌರವ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನಮ್ಮ ಕಡೆ ಹಿರಿಯರಿಗೆ ಹಾಗೆಯೇ ಹೇಳುವುದು. ಆದರೆ ಅವರಿಗೆ ಎರಡನೇ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಹೌದು ಸಾರ್. ತುಂಬಾ."

ಮೇಷ್ಟ್ರು ಮೊಮ್ಮಗಳನ್ನು ಕೂಗಿ, "ಪುಟ್ಟಿ, ಲ್ಯಾಬಿಗೆ ಬೇಡ ಬಿಡೇ. ರಿಪೋರ್ಟ್ ಬಂತು" ಎಂದರು.