ಕುಲುಮೆ ಮೇಸ್ತ್ರಿಯ ಉಸಿರು

ಮುತ್ತಜ್ಜ ಕಲಾಯಿ ಹಾಕಿದ ಪಾತ್ರೆಗಳು ಮೂರು ತಲೆಮಾರು ಬಾಳಿದವು. ಅಜ್ಜ ಗಾಜಿಗೆ ಪಾದರಸ ಕೂರಿಸಿ ಕನ್ನಡಿ ಮಾಡುವುದರಲ್ಲಿ ಎತ್ತಿದ ಕೈ. ಕಡೆಗೆ ಪಾದರಸದ ಆವಿ ಏರಿ ಆ ಕೈಗೇ ನಡುಕ ಹತ್ತಿ, ತುತ್ತು ಬಾಯಿಗೆ ಮುಟ್ಟದೆ ಸತ್ತ.

ಮೊಮ್ಮಗ ಸೌರಫಲಕದ ಕಾರ್ಖಾನೆಯಲ್ಲಿ ಕುಲುಮೆ ಮೇಸ್ತ್ರಿಯಾದ. ಅವನ ಕೆಲಸ ಗಾಜಿನ ಮೇಲೆ ಕೂದಲೆಳೆಗಿಂತ ತೆಳುವಾದ ಪದರ ಬೆಳೆಸುವುದು. ಗಾಜಿನ ಮೇಲೆ ಒಂದು ಬೆರಳಚ್ಚು ಉಳಿದರೂ ಪದರ ಹಾವಿನ ಪೊರೆಯಂತೆ ಕಳಚುತ್ತದೆ. ಕಾವು ಕಡಿಮೆಯಾದರೆ ಹರಳು ಕೂಡುವುದಿಲ್ಲ. ಮೇಸ್ತ್ರಿಗೆ ಮಾಪಕದ ಮೇಲೆ ನಂಬಿಕೆಯಿಲ್ಲ. ಕುಲುಮೆ ಆರುವ ಮುಂಚೆಯೇ ಮುಚ್ಚಳ ತೆಗೆದು, ಬರಿಮುಖದಲ್ಲಿ ಬಗ್ಗಿ ಪದರದ ಬಣ್ಣ ನೋಡುತ್ತಿದ್ದ.

ಈ ವಾರ ಅವನ ಉಸಿರು ಬೆಳ್ಳುಳ್ಳಿ ನಾರತೊಡಗಿತು. ಮನೆಗೆ ಬೆಳ್ಳುಳ್ಳಿ ತಂದು ತಿಂಗಳಾಗಿತ್ತು. ಅದು ಕುಲುಮೆಯ ವಿಷದ ಆವಿ ಮೈಗಿಳಿದ ಗುರುತೆಂದು, ಅಲ್ಲೇ ಗಾಜು ತೊಳೆಯುವ ಮಗಳಿಗೆ ಗೊತ್ತಿತ್ತು.

"ಅಪ್ಪಾ, ಡಾಕ್ಟ್ರ ಹತ್ರ ಹೋಗೋಣ ಬಾ."

"ಒಗ್ಗರಣೆ ಖರ್ಚು ಉಳೀತು ಬಿಡೇ!"

ನಕ್ಕು ಕುಲುಮೆಯ ಮುಚ್ಚಳಕ್ಕೆ ಕೈ ಹಾಕಿದ. ಆ ಕೈ ನಡುಗುತ್ತಿತ್ತು. ಮಗಳು ಆವಿ ತಡೆಯುವ, ಕಣ್ಣಿಗೂ ಗಾಜಿರುವ ಮುಖಗವಸು ಹಿಡಿದು ಅಡ್ಡ ನಿಂತಳು.

"ಪಕ್ಕಕ್ಕೆ ಸರಿ ತಾಯಿ," ಎಂದ. "ಅದನ್ನ ಹಾಕ್ಕೊಂಡ್ರೆ ಬಣ್ಣ ಮಬ್ಬಾಗುತ್ತೆ. ನಮ್ಮಜ್ಜ ಯಾರ ಆಸರೇನೂ ಕೇಳ್ಲಿಲ್ಲ. ನಂಗೂ ಬೇಡ."